ಮಕ್ಕಳ ಗ್ರಾಮಸಭೆ ಆದ ಮೇಲೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ವಾರ ನಮ್ಮ ಶಾಲೆ ಅಂಗಳದಲ್ಲಿ ಪಂಚಾಯ್ತಿಯ ಮಕ್ಕಳ ಗ್ರಾಮಸಭೆ ನಡೆಯಿತು. ನಿಮ್ಮಲ್ಲಿ ಕೆಲವರು ಬಂದಿದ್ದಿರಿ. ಅಲ್ಲಿ ನಡೆದದ್ದು, ಆಮೇಲೆ ನಡೆದದ್ದು, ಎರಡೂ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೈಕ್ ಹಿಡಿದಳು. ನೋಟ್‌ಬುಕ್ಕಿನಿಂದ ಹರಿದ ಹಾಳೆ ಕೈಯಲ್ಲಿ ನಡುಗುತ್ತಿತ್ತು. "ಬಸ್ ಸ್ಟ್ಯಾಂಡಿನಿಂದ ನಮ್ಮ ಕೇರಿಗೆ ಹೋಗೋ ದಾರಿಯಲ್ಲಿ ಮೂರು ಕಂಬದ ಲೈಟು ಉರಿಯಲ್ಲ. ಅದಕ್ಕೇ ಸಂಜೆ ಸ್ಪೆಷಲ್ ಕ್ಲಾಸಿಗೆ ನನ್ನನ್ನ ಕಳಿಸಲ್ಲ, ಅಣ್ಣನನ್ನ ಕಳಿಸ್ತಾರೆ" ಅಂದಳು. ಅಷ್ಟೇ. ಯಾರನ್ನೂ ಬೈಯಲಿಲ್ಲ. ಕೂತ ಮೇಲೆ ಆ ಹಾಳೆಯನ್ನು ಮಡಿಸಿ ಮಡಿಸಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಅವಳ ತಂದೆ ಬಂದರು. "ಮೇಡಂ, ಇನ್ಮೇಲೆ ನಮ್ಮ ಹುಡುಗಿಗೆ ಮೈಕ್ ಕೊಡಬೇಡಿ. ಪಂಚಾಯ್ತಿಯಿಂದ ನನ್ನ ಮನೆ ಕಟ್ಟಿದ ಬಿಲ್ಲು ಇನ್ನೂ ಆಗಬೇಕು. ನಾವು ಈ ಊರಲ್ಲೇ ಬಾಳಬೇಕಲ್ವಾ?" ಅಂದರು. ರಾತ್ರಿ ಯಾರೋ ಮನೆ ಬಾಗಿಲಿಗೆ ಬಂದು ಎರಡು ಮಾತು ಆಡಿ ಹೋಗಿದ್ದರಂತೆ. ಅವರ ಭಯ ಸುಳ್ಳಲ್ಲ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ತಂದೆ, ಮಗಳು ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಈ ವಯಸ್ಸಿನ ಮಕ್ಕಳು ಸ್ವಾತಂತ್ರ್ಯ ಬೇಕು ಅಂದರೆ ನಮಗೆ ಮೊದಲು ನೆನಪಾಗುವುದು ಮೊಬೈಲು, ತಿರುಗಾಟ. ಅದರ ಮಾತು ಇನ್ನೊಮ್ಮೆ ಆಡೋಣ. ಇವಳು ಕೇಳಿದ್ದು ಹೆದರದೆ ನಡೆದು ಮನೆ ಸೇರುವ ಸ್ವಾತಂತ್ರ್ಯ. ಅದನ್ನು ಕೇಳೋಕೆ ಇನ್ನೊಂದು ಸ್ವಾತಂತ್ರ್ಯ ಬೇಕಿತ್ತು, ಬಾಯಿ ಬಿಟ್ಟು ಹೇಳುವುದು. ಕತ್ತಲಿದೆ ಅಂದವಳನ್ನೇ ಮನೆಯೊಳಗೆ ಕೂರಿಸಿದರೆ ಕಂಬಕ್ಕೆ ಲೈಟು ಹಾಕೋರು ಯಾರು?

ಅವಳು ಮಾತಾಡಿದ್ದು ಅಧಿಕಪ್ರಸಂಗ ಅಲ್ಲ. ಮಕ್ಕಳ ಮಾತು ಕೇಳಲೆಂದೇ ಆ ಸಭೆ ಕರೆಯುವುದು. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಬೇಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲೇ ಅದನ್ನು ಒಪ್ಪಿದೆ. ನಮ್ಮ ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟಿರುವುದು ಎಲ್ಲ ನಾಗರಿಕರಿಗೆ. ಹದಿನೆಂಟು ತುಂಬಲಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಶಿಕಾರಿಪುರ ತಾಲ್ಲೂಕಿನ ಈಸೂರು ನಿಮಗೆಲ್ಲ ಗೊತ್ತು. 1942ರಲ್ಲಿ ಆ ಊರಿನವರು ತಾವು ಸ್ವತಂತ್ರರು ಅಂತ ಸಾರಿದಾಗ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್ಸ್‌ಪೆಕ್ಟರ್ ಅಂತ ಹುಡುಗರನ್ನೇ ನೇಮಿಸಿದ್ದರು. ಆಮೇಲೆ ಆ ಊರು ಬಹಳ ನೋವು ತಿಂದಿತು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಪ್ರತಿ ಆಗಸ್ಟ್ 15ಕ್ಕೆ ಈ ಕಥೆ ಹೇಳುವಾಗ ನನ್ನ ಮನಸ್ಸು ಆ ಹುಡುಗರ ಹಿಂದೆ ನಿಂತಿದ್ದ ದೊಡ್ಡವರ ಕಡೆಗೇ ಹೋಗುತ್ತದೆ. ಊರೇ ಬೆನ್ನಿಗಿತ್ತು. ನಮ್ಮ ಹುಡುಗಿ ಮಾತ್ರ ಒಬ್ಬಳೇ ನಿಂತಿದ್ದಳು. ತಪ್ಪು ನಮ್ಮ ಶಾಲೆಯದ್ದು. ಅವಳ ಕೈಗೆ ಮೈಕ್ ಕೊಟ್ಟ ನಾವು ಪಕ್ಕದಲ್ಲಿ ನಿಲ್ಲಲಿಲ್ಲ.

ಇನ್ನು ಮುಂದೆ ಯಾವ ಮಗುವೂ ಒಂಟಿಯಾಗಿ ಅಹವಾಲು ಹೇಳುವುದು ಬೇಡ. ಇಡೀ ತರಗತಿ ಕೂತು ಅರ್ಜಿ ಬರೆಯುತ್ತದೆ. ಎಲ್ಲರೂ ಸಹಿ ಹಾಕುತ್ತಾರೆ, ಕೆಳಗೆ ನನ್ನದೂ ಇರುತ್ತದೆ. ಪಂಚಾಯ್ತಿಯಿಂದ ಸೀಲು ಹಾಕಿದ ಪ್ರತಿ ತಂದು ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ. ಯಾರಾದರೂ ನಿಮ್ಮ ಮನೆಗೆ ಬಂದು ಮಾತಾಡಿದರೆ, "ಶಾಲೆಗೆ ಹೋಗಿ ಹೆಡ್ ಮೇಡಂ ಹತ್ತಿರ ಕೇಳಿ" ಅಂತ ಹೇಳಿಬಿಡಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮಗು ಮನೆಗೆ ಬಂದು ಏನಾದರೂ ಹೇಳಿದರೆ, "ನಿನಗ್ಯಾಕೆ ಅದೆಲ್ಲ, ಸುಮ್ನಿರು" ಅನ್ನುವ ಮೊದಲು ಪೂರ್ತಿ ಕೇಳಿ. ಮುಂದಿನ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಾದರೂ ಕೂತಿರಿ. ಅಪ್ಪ ಅಮ್ಮ ಕಂಡರೆ ಮಕ್ಕಳ ದನಿ ತಾನಾಗೇ ಗಟ್ಟಿಯಾಗುತ್ತದೆ.

ಲೈಟಿನ ಅಹವಾಲಿಗೆ ಏನಾಯಿತು ಅಂತ ವಿಚಾರಿಸಲು ಶನಿವಾರ ಹನ್ನೆರಡು ಗಂಟೆಗೆ ಪಂಚಾಯ್ತಿಗೆ ಹೋಗುತ್ತಿದ್ದೇವೆ. ಬಿಡುವಿದ್ದವರು ಬನ್ನಿ. ಲೈಟು ಬರುವ ತನಕ ಸ್ಪೆಷಲ್ ಕ್ಲಾಸ್ ಮುಗಿದ ಮೇಲೆ ನಾನೂ ಇನ್ನಿಬ್ಬರು ಟೀಚರೂ ಟಾರ್ಚ್ ಹಿಡಿದು ಕೇರಿಯವರೆಗೆ ಮಕ್ಕಳ ಜೊತೆ ನಡೆಯುತ್ತೇವೆ. ಸೋಮವಾರದಿಂದ ಮಗಳನ್ನು ಕಳಿಸುತ್ತೇನೆ ಅಂತ ಆ ತಂದೆ ಹೇಳಿದ್ದಾರೆ. ಅದೇ ದಾರಿಯ ಉಳಿದ ಹೆಣ್ಣುಮಕ್ಕಳನ್ನೂ ಕಳಿಸಿಕೊಡಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ