ಬಿಲ್ಲಿನಲ್ಲಿ ತೆಗೆದ ಕಾರ್ಬನ್ ಎಂಜಿನ್ನಿನಲ್ಲೇ ಇದೆ: ಟಾಪ್ ಎಂಡ್ ಕೆಲಸದ ಬಗ್ಗೆ ದೂರು

ಇವರಿಗೆ,
ವರ್ಕ್ಸ್ ಮ್ಯಾನೇಜರ್,
ದ್ವಿಚಕ್ರ ವಾಹನ ಸರ್ವಿಸ್ ಕೇಂದ್ರ, ಬೆಂಗಳೂರು

ಮಾನ್ಯರೇ,

1995ರ ಯಮಹಾ ಆರ್‌ಎಕ್ಸ್ 100 ಗಾಡಿಗೆ ನಿಮ್ಮಲ್ಲಿ ಟಾಪ್ ಎಂಡ್ ಕೆಲಸ (ಎಂಜಿನ್ನಿನ ಮೇಲ್ಭಾಗವಾದ ಹೆಡ್, ಸಿಲಿಂಡರ್ ಬ್ಲಾಕ್, ಪಿಸ್ಟನ್ನಿನ ರಿಪೇರಿ) ಮಾಡಿಸಿ 7,850 ರೂಪಾಯಿ ಕಟ್ಟಿದ್ದೇವೆ. 0.50 ಸೈಜಿಗೆ ಬೋರಿಂಗ್ (ಸಿಲಿಂಡರಿನ ಒಳಕೊಳವೆ, ಅಂದರೆ ಬೋರನ್ನು 0.50 ಎಂಎಂ ಅಗಲಿಸುವುದು), ಪಿಸ್ಟನ್ ಕಿಟ್, ಗ್ಯಾಸ್ಕೆಟ್ ಸೆಟ್, ಜೊತೆಗೆ ಹೆಡ್, ಎಕ್ಸಾಸ್ಟ್ ಪೋರ್ಟ್ (ಉರಿದ ಗ್ಯಾಸು ಹೊರಹೋಗುವ ಕಿಂಡಿ) ಮತ್ತು ಸೈಲೆನ್ಸರಿನ ಡೀಕಾರ್ಬನೈಸಿಂಗ್ (ಕಟ್ಟಿಕೊಂಡ ಕಾರ್ಬನ್ ತೆಗೆಯುವುದು) ಎಂದು ಬಿಲ್ಲಿನಲ್ಲಿದೆ. ಆಮೇಲೆ ಗಾಡಿ ಓಡಿದ್ದು ಬರೀ 340 ಕಿ.ಮೀ. ಮೊದಲ ದಿನದಿಂದಲೇ ಪಿಕಪ್ ಇರಲಿಲ್ಲ. ಕೊನೆಗೆ ಬ್ಲಾಕಿನಲ್ಲಿ ಟಕಟಕ ಸದ್ದು ಶುರುವಾಯಿತು. ಈಗ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಎಷ್ಟು ಇಳಿದಿದೆ ಎಂದರೆ ಕಿಕ್ಕರನ್ನು ಕೈಯಲ್ಲಿ ಒತ್ತಿದರೂ ಇಳಿಯುತ್ತದೆ.

ಫೋನ್ ಮಾಡಿದರೆ ನಿಮ್ಮ ಸರ್ವಿಸ್ ಅಡ್ವೈಸರ್ ಹೇಳಿದ್ದು, "ಟೂ ಸ್ಟ್ರೋಕ್ ಅಂದ್ಮೇಲೆ ಹೊಗೆ, ಸದ್ದು ಇದ್ದೇ ಇರುತ್ತೆ ಸಾರ್." ನಾವು ಕೇಳಿದ್ದು ಹೊಗೆಯ ವಿಷಯವನ್ನೇ ಅಲ್ಲ.

ಬೇರೆ ಕಡೆ ಹೆಡ್ಡು, ಬ್ಲಾಕು ಬಿಚ್ಚಿಸಿದೆವು. ಹಂತ ಹಂತಕ್ಕೂ ಫೋಟೊ, ವಿಡಿಯೊ ಇದೆ. ಭಾಗಗಳನ್ನು ತೊಳೆಸದೆ ಹಾಗೇ ಇಟ್ಟಿದ್ದೇವೆ.

ಸೈಲೆನ್ಸರಿನ ಹಿಂತುದಿಯಲ್ಲಿ ಒಳಪೈಪನ್ನು ಹಿಡಿದಿರುವ ಬೋಲ್ಟನ್ನೇ ಮೊದಲು ನೋಡಿ. ನಾವು ಬಿಚ್ಚಿಸುವ ಮೊದಲು ಅದರ ತಲೆಯ ಸುತ್ತ ತುಕ್ಕು ಒಡೆದಿರಲಿಲ್ಲ, ಸ್ಪ್ಯಾನರ್ ಕೂತ ಗುರುತಿರಲಿಲ್ಲ. ಆ ಬೋಲ್ಟ್ ಬಿಚ್ಚದೆ ಒಳಪೈಪ್ ಹೊರಗೆ ಬರುವುದಿಲ್ಲ. ಅದು ಹೊರಗೆ ಬರದೆ ಡೀಕಾರ್ಬನೈಸಿಂಗ್ ಆಗುವುದಿಲ್ಲ. ನಾವು ಒಳಪೈಪನ್ನು ಎಳೆದು ನೋಡಿದರೆ ಅದರ ತೂತುಗಳಲ್ಲಿ ಅರ್ಧಕ್ಕೂ ಹೆಚ್ಚು ಮುಚ್ಚಿಹೋಗಿವೆ. ಬ್ಲೋ ಲ್ಯಾಂಪಿನಲ್ಲಿ ಸುಟ್ಟು ತಟ್ಟಿದ್ದರೆ, ಇಲ್ಲವೇ ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದ್ದರೆ ಸಾಕಿತ್ತು. (ಮುಂದಿನ ಸಲ ಮಾಡುವಾಗ ಹೆಡ್ಡನ್ನು ಅದೇ ನೀರಿಗೆ ಹಾಕಬೇಡಿ, ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.)

ಎಕ್ಸಾಸ್ಟ್ ಪೋರ್ಟಿನ ಗೋಡೆಯ ಮೇಲೆ ಸುಮಾರು 3 ಎಂಎಂ ದಪ್ಪದ ಕಾರ್ಬನ್ ಇದೆ. ಇದು 340 ಕಿ.ಮೀ.ನಲ್ಲಿ ಕೂತದ್ದು ಎನ್ನುವ ಹಾಗಿಲ್ಲ: ಹೊಸದು ಒದ್ದೆಯಾಗಿ, ಬೆರಳಿಗೆ ಅಂಟುವ ಹಾಗೆ ಇರುತ್ತದೆ. ಇಲ್ಲಿರುವುದು ಕಲ್ಲಿನಂತೆ ಗಟ್ಟಿ, ಕೆರೆದರೆ ಪದರ ಪದರವಾಗಿ ಏಳುತ್ತದೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಒಂದನೇ, ಎರಡನೇ ಗೇರಿನಲ್ಲಿ ತೆವಳುವ ಗಾಡಿಯಲ್ಲಿ ಆಯಿಲ್ ಪೂರ್ತಿ ಉರಿಯದೆ ಕಾರ್ಬನ್ ಕೂರುವುದು ಸಹಜ, ಅದಕ್ಕೆ ನೀವು ಹೊಣೆಯಲ್ಲ. ತೆಗೆಯಲೆಂದೇ ತಾನೇ ನಿಮ್ಮಲ್ಲಿಗೆ ತಂದದ್ದು? ಪೋರ್ಟ್ ಕಟ್ಟಿಕೊಂಡರೆ ಉರಿದ ಗ್ಯಾಸು ಒಳಗೇ ಉಳಿದು ಹೊಸ ಪೆಟ್ರೋಲಿನ ಜೊತೆ ಬೆರೆಯುತ್ತದೆ. ಪಿಕಪ್ ಸಾಯುತ್ತದೆ, ಎಂಜಿನ್ ಕಾಯುತ್ತದೆ.

ಹೆಡ್ಡನ್ನು ಮಾತ್ರ ಕೆರೆದಿದ್ದೀರಿ, ಅದೂ ಸ್ಕ್ರೂಡ್ರೈವರಿನಲ್ಲಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿವೆ. ಸೀಮೆಎಣ್ಣೆಯಲ್ಲಿ ನೆನೆಸಿ ಬಿದಿರಿನ ಚಕ್ಕೆಯಲ್ಲಿ ತೆಗೆಯುವ ಕೆಲಸವದು. ಮುಂದೆ ಕಾರ್ಬನ್ ಮೊದಲು ಕಚ್ಚುವುದು ಆ ಗೀರುಗಳಲ್ಲೇ.

ಇಷ್ಟೇ ಆಗಿದ್ದರೆ ಬಿಚ್ಚಿ ಕ್ಲೀನ್ ಮಾಡಿಸಿಕೊಂಡು ಸುಮ್ಮನಿರುತ್ತಿದ್ದೆವು. ಬೋರ್ ಹೊಡೆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ; ಸಣ್ಣ ಅರದಿಂದ ಅದನ್ನು ಸವರಿ ಇಳಿಜಾರು ಮಾಡಲೇಬೇಕು. ನಿಮ್ಮಲ್ಲಿ ಮಾಡಿಲ್ಲ. ಎಕ್ಸಾಸ್ಟ್ ಪೋರ್ಟ್ ದಾಟುವಾಗ ಪಿಸ್ಟನ್ ಸುತ್ತಲಿನ ರಿಂಗು ತುಸು ಹೊರಕ್ಕೆ ಉಬ್ಬಿ, ವಾಪಸ್ ಬರುವಾಗ ಅಂಚಿಗೆ ತಾಗುತ್ತದೆ. 7,000 ಆರ್‌ಪಿಎಂನಲ್ಲಿ ಪಿಸ್ಟನ್ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಮೇಲೆ ಕೆಳಗೆ ಹೋಗುತ್ತದೆ. ಮೇಲಿನ ರಿಂಗು ಮುರಿದಿದೆ, ಅದರ ಚೂರು ಬೋರಿನಲ್ಲಿ ಉದ್ದಕ್ಕೆ ಗೀರಿದೆ. ಜಾಬ್ ಕಾರ್ಡಿನಲ್ಲಿ ರಿಂಗ್ ಗ್ಯಾಪಿನ (ರಿಂಗಿನ ಎರಡು ತುದಿಗಳ ನಡುವಿನ ಸಂದಿನ) ಅಳತೆಯೂ ಬರೆದಿಲ್ಲ. ರಿಂಗನ್ನು ಬೋರಿನೊಳಗೆ ಪಿಸ್ಟನ್ ತಲೆಯಿಂದ ನೇರವಾಗಿ ಕೂರಿಸಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟರೆ ಎರಡು ನಿಮಿಷದ ಕೆಲಸ, 0.15ರಿಂದ 0.35 ಎಂಎಂ ಒಳಗೆ ಸಿಗಬೇಕು. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಲಾಕುಗಳಲ್ಲಿ ಒಂದು ಹಳೆಯದೇ.

50 ಎಂಎಂ ಬೋರಿನ ಈ ಬ್ಲಾಕಿಗೆ ಸಿಗುವ ಓವರ್‌ಸೈಜ್ 0.25, 0.50, 0.75, 1.00 ಎಂಎಂ, ಅಷ್ಟೇ, ಅಂದರೆ ಬೋರನ್ನು ನಾಲ್ಕು ಸಲ ಮಾತ್ರ ಅಗಲಿಸಬಹುದು. ಗೀರು ಹೋಗಬೇಕಾದರೆ ಈಗ 0.75ಕ್ಕೆ ಹೋಗಬೇಕು. ವರ್ಷಗಟ್ಟಲೆ ಬರಬೇಕಿದ್ದ ಒಂದು ಸೈಜು 340 ಕಿ.ಮೀ.ಗೆ ಮುಗಿದಿದೆ. ಒಳ್ಳೆಯ ಬ್ಲಾಕಿಗಾಗಿ ಬಿಡಿಭಾಗ ಮಾರುವ ಜೆ.ಸಿ. ರಸ್ತೆ ಪೂರ್ತಿ ಅಲೆದರೂ ಖಾತ್ರಿಯಿಲ್ಲ ಎಂಬುದು ನಿಮಗೂ ಗೊತ್ತು.

ಆದ್ದರಿಂದ 0.75 ಪಿಸ್ಟನ್ ಕಿಟ್, ಎರಡೂ ಹೊಸ ಲಾಕು, ಹೊಸ ಸ್ಮಾಲ್ ಎಂಡ್ ಬೇರಿಂಗ್ (ಪಿಸ್ಟನ್ ಪಿನ್ ಕೂರುವ ಬೇರಿಂಗ್) ಹಾಕಿ, ಪೋರ್ಟ್ ಅಂಚು ಸವರಿ, ರಿಂಗ್ ಗ್ಯಾಪನ್ನು ಜಾಬ್ ಕಾರ್ಡಿನಲ್ಲಿ ಬರೆದು, ಆಯಿಲ್ ಪಂಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದು ನಮ್ಮ ಎದುರಿನಲ್ಲೇ ಕೆಲಸ ಮಾಡಿಕೊಡಿ. ಬ್ಲಾಕ್ ಜೋಡಿಸುವ ಮೊದಲು ಪೋರ್ಟನ್ನೂ ಸೈಲೆನ್ಸರ್ ಒಳಪೈಪನ್ನೂ ತೋರಿಸಿ. ಆಗುವುದಿಲ್ಲವೆಂದರೆ 7,850 ರೂಪಾಯಿಯ ಜೊತೆ ಬೇರೆ ಕಡೆ 0.75ಕ್ಕೆ ಬೋರ್ ಮಾಡಿಸುವ ಖರ್ಚನ್ನೂ ಕೊಡಿ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಯೆಂದು ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ. ಮುರಿದ ರಿಂಗು, ಬ್ಲಾಕು, ತುಕ್ಕು ಹಿಡಿದ ಆ ಬೋಲ್ಟು ನಮ್ಮ ಬಳಿಯೇ ಇವೆ, ಬಂದು ನೋಡಬಹುದು.

ಇಂತಿ,
ಗಾಡಿಯ ಮಾಲೀಕರು
ಬಸವನಗುಡಿ, ಬೆಂಗಳೂರು

ಲಗತ್ತು: ಬಿಲ್ ಮತ್ತು ಜಾಬ್ ಕಾರ್ಡ್ ಪ್ರತಿ, ಫೋಟೊಗಳು