ಶನಿವಾರ ಬೋಟ್ ನೀರಿಗೆ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಫಾಯಿಲಿಂಗ್ ಬೋಟ್‌ನ (ನೀರೊಳಗಿನ ರೆಕ್ಕೆ, ಅಂದರೆ ಫಾಯಿಲ್, ಮೇಲೆತ್ತುವ ಹಾಯಿದೋಣಿ) ಮೊದಲ ಟೆಸ್ಟ್ ಸೇಲ್ ಶನಿವಾರ. ಬೆಳಗ್ಗೆ 6ಕ್ಕೆ ಕ್ರೇನ್ ಹತ್ತಿರ ಸೇರೋಣ. ಬೋಟ್ ಮೇಲಿನವರು, ದಡದ ತಂಡ, ಚೇಸ್ ಬೋಟ್‌ನವರು (ಜೊತೆಗೆ ಬರುವ ಮೋಟಾರ್ ದೋಣಿಯವರು), ಮೂರೂ ಗುಂಪು ಬರಲೇಬೇಕು.

ಮೊದಲು ಹಾಯಿ ಏರಿಸದೆ ಚೇಸ್ ಬೋಟ್‌ನಿಂದ ಎಳೆದು ನೋಡುತ್ತೇವೆ. ಫಾಯಿಲ್ ತೋಳು ಸರಾಗವಾಗಿ ಇಳಿದು ಏರುತ್ತಾ, ಹೈಡ್ರಾಲಿಕ್ ಎಣ್ಣೆ ಎಲ್ಲಾದರೂ ಜಿನುಗುತ್ತಾ ಅಂತ ನೋಡಿದ ಮೇಲೆಯೇ ಹಾಯಿ. ಅದೂ ಗಾಳಿ 8ರಿಂದ 12 ನಾಟ್ ಇದ್ದರೆ. ಜಾಸ್ತಿ ಆದರೆ ಸುಮ್ನೆ ವಾಪಸ್, ವಾದ ಬೇಡ.

ಹೊಸಬರಿಗೆ ಒಂದು ಮಾತು: ಹಲ್ (ದೋಣಿಯ ಒಡಲು) ನೀರು ಬಿಟ್ಟು ಎದ್ದ ಕೂಡಲೇ ಎಳೆತ ಕಡಿಮೆಯಾಗಿ ವೇಗ ಒಮ್ಮೆಲೇ ಏರುತ್ತದೆ, ಬೋಟ್ ಇನ್ನೂ ಮೇಲೆದ್ದು ಫಾಯಿಲ್ ನೀರಿನ ಮೇಲ್ಮೈಗೆ ತೀರಾ ಹತ್ತಿರ ಬಂದು ಗಾಳಿ ಎಳೆದುಕೊಂಡರೆ ಲಿಫ್ಟ್ (ಮೇಲೆತ್ತುವ ಬಲ) ಹೋಗಿ ಮೂತಿ ಧಪ್ಪಂತ ನೀರಿಗೆ ಬಡಿಯುತ್ತದೆ. 2021ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ರೇಸಿಗೆ ಬಂದಿದ್ದ ಅಮೆರಿಕನ್ ಮ್ಯಾಜಿಕ್ ತಂಡದ ಬೋಟೇ ಮಗುಚಿ ಹಲ್ ತೂತಾಗಿತ್ತು, ನೆನಪಿದೆ ಅಲ್ವಾ?

ಹಾಗಾಗಿ ಹೆಲ್ಮೆಟ್, ಇಂಪ್ಯಾಕ್ಟ್ ವೆಸ್ಟ್, ಹಗ್ಗ ಕತ್ತರಿಸುವ ಚಾಕು, ನೀರಡಿ ಸಿಕ್ಕಿಕೊಂಡರೆ ಉಸಿರಾಡಲು ಚಿಕ್ಕ ಏರ್ ಬಾಟಲಿ ಇಲ್ಲದವರನ್ನು ಹತ್ತಿಸುವುದಿಲ್ಲ. ಚೇಸ್ ಬೋಟ್ ನೇರ ಹಿಂದೆ ಬರಬೇಡಿ, ಪಕ್ಕದಲ್ಲಿ ದೂರ ಇರಿ. ವಿಡಿಯೋ ತೆಗೆಯಿರಿ, ಆದರೆ ಫಾಯಿಲ್ ಚಿತ್ರ ಹೊರಗೆ ಹಾಕಬೇಡಿ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಮತ್ತು ವೆಸ್ಟ್ ಸೈಜ್ ಹಾಕಿ. ಬರಲಾಗದವರೂ ತಿಳಿಸಿ, ಬದಲಿಗೆ ಜನ ಹುಡುಕಬೇಕು.