ಚಿಲ್ಗೋಜಾ ಕಾಯಿಯಲ್ಲಿ ಕಾಡಿಗೂ ಒಂದು ಪಾಲಿರಲಿ

ಮಾನ್ಯ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವರಿಗೆ ನಮಸ್ಕಾರಗಳು.

ನಾನು ಶಿರಸಿ ಸೀಮೆಯವನು. ತಿನ್ನುವ ಬೀಜ ಕೊಡುವ, ಹಿಮಾಚಲದ ಕಿನ್ನೌರ್ ಜಿಲ್ಲೆಯ ಚಿಲ್ಗೋಜಾ ಎಂಬ ಪೈನ್ ಮರದ ಬಗ್ಗೆ ಇವನಿಗೇನು ಚಿಂತೆ ಎಂದು ತಮಗೆ ಅನ್ನಿಸಬಹುದು. ನಮ್ಮಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಿನ ಸಿಪ್ಪೆಗೆ ಬೆಲೆ ಬಂದಾಗ, ತಾವು ಬಿಟ್ಟರೆ ಇನ್ನೊಬ್ಬರು ಕೊಯ್ಯುತ್ತಾರೆಂಬ ಭಯಕ್ಕೆ ಜನ ಎಳೆಗಾಯಿಯನ್ನೇ ಕೊಯ್ದರು, ಕೈಗೆಟುಕದಲ್ಲಿ ಕೊಂಬೆಯನ್ನೇ ಕಡಿದರು. ಅದೇ ಕಾಯಿ ತಿನ್ನುವ ಸಿಂಗಳೀಕಗಳ ಪಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕಿನ್ನೌರ್‌ನ ಚಿಲ್ಗೋಜಾ ಕಾಡಿನಲ್ಲಿಯೂ ನಡೆಯುತ್ತಿರುವುದು ಇದೇ.

ಸಟ್ಲೆಜ್ ಕಣಿವೆಯ ಒಣ ಕಲ್ಲಿಳಿಜಾರುಗಳಲ್ಲಿ ಮಣ್ಣು ಹಿಡಿದು ನಿಂತಿರುವ ಮರವಿದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ ಇದನ್ನು ಅಪಾಯದಂಚಿಗೆ ಸಮೀಪವಿರುವ ಪ್ರಭೇದವೆಂದು ಗುರುತಿಸಿದೆ. ಹಳೆಯ ಮರಗಳಿವೆ, ಅವುಗಳ ಬುಡದಲ್ಲಿ ಸಸಿಗಳು ತೀರಾ ವಿರಳ. ಕಾಯಿ ಬಾಯಿಬಿಡುವ ಮೊದಲೇ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ಬಹುಪಾಲು ಕಾಯಿಗಳನ್ನು ಇಳಿಸಿಬಿಡುತ್ತಾರೆ. ಸುಮಾರು ಎರಡು ಸೆಂಟಿಮೀಟರ್ ಉದ್ದವಿರುವ ಈ ಬೀಜಕ್ಕೆ ರೆಕ್ಕೆ ಹೆಸರಿಗಷ್ಟೇ. ಗಾಳಿಗೆ ಅದು ಹಾರದು. ಅದನ್ನು ದೂರ ಒಯ್ಯಬೇಕಾದವು ಹಕ್ಕಿಗಳು, ಇಲಿಗಳು. ಕಾಗೆಯ ಕುಲದ ನಟ್‌ಕ್ರ್ಯಾಕರ್ ಹಕ್ಕಿ ಚಳಿಗಾಲಕ್ಕೆಂದು ಪೈನ್ ಬೀಜಗಳನ್ನು ಅಲ್ಲಲ್ಲಿ ಹುಗಿದಿಡುತ್ತದೆ. ಅದು ಮರಳಿ ತೆಗೆಯದೆ ಬಿಟ್ಟ ಬೀಜಗಳಲ್ಲಿ ಕೆಲವು ಮೊಳೆಯುತ್ತವೆ. ಈಗ ಹಕ್ಕಿಗೂ ಬೀಜವಿಲ್ಲ, ಮಣ್ಣಿಗೂ ಇಲ್ಲ.

ಕೊಯ್ಲನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಅದು ಕಿನ್ನೌರ್ ಜನರ ಹಳೆಯ ಹಕ್ಕು, ಅವರ ಮನೆಯ ಆದಾಯ. ದೂರದಲ್ಲಿ ಕುಳಿತು ಅದನ್ನು ಕಿತ್ತುಕೊಳ್ಳಿ ಎನ್ನಲು ನನಗೆ ಮನಸ್ಸಿಲ್ಲ. ಪ್ರತಿ ಮರದಲ್ಲೂ ಇಷ್ಟು ಕಾಯಿ ಉಳಿಯಬೇಕೆಂದು ಆಯಾ ಗ್ರಾಮಸಭೆಯೇ ತೀರ್ಮಾನಿಸಲಿ. 2006ರ ಅರಣ್ಯ ಹಕ್ಕು ಕಾಯ್ದೆ ಆ ಅಧಿಕಾರವನ್ನು ಅವರಿಗೆ ಕೊಟ್ಟಿದೆ. ಉಳಿಸಿದ ಕಾಯಿಗೆ ಸರ್ಕಾರ ಆ ಕುಟುಂಬಗಳಿಗೆ ಹಣ ಕೊಡಲಿ. ಗುತ್ತಿಗೆದಾರನಿಗೆ ಈ ವರ್ಷದ ಫಸಲಷ್ಟೇ ಮುಖ್ಯ, ಮುಂದಿನ ವರ್ಷ ಆ ಕೊಂಬೆ ಇರುತ್ತದೆಯೇ ಎಂಬುದು ಅವನಿಗೆ ಬೇಕಿಲ್ಲ. ಆದ್ದರಿಂದ ಕೊಯ್ಲು ಊರಿನವರ ಕೈಯಲ್ಲೇ ಇರಲಿ.

ಇನ್ನೊಂದು ಮಾತು. ಜಲವಿದ್ಯುತ್ ಯೋಜನೆಗೆ, ವಿದ್ಯುತ್ ಮಾರ್ಗಕ್ಕೆ ಚಿಲ್ಗೋಜಾ ಕಾಡು ಕೇಳುವ ಕಡತ ತಮ್ಮ ಮೇಜಿಗೆ ಬಂದಾಗ, ಬದಲಿ ಸಸಿಗಳ ಸಂಖ್ಯೆ ನೋಡಿ ಸಹಿ ಹಾಕಬೇಡಿ. ಇಂದು ನೆಟ್ಟ ಚಿಲ್ಗೋಜಾ ಚೆನ್ನಾಗಿ ಕಾಯಿ ಬಿಡಲು ದಶಕಗಳೇ ಬೇಕು. ಮುಂದಿನ ಕೊಯ್ಲಿಗೆ ಮೊದಲು ತಾವೇ ಒಮ್ಮೆ ಕಿನ್ನೌರ್‌ಗೆ ಹೋಗಿ ಅಲ್ಲಿನ ಗ್ರಾಮಸಭೆಯಲ್ಲಿ ಕುಳಿತು ಮಾತಾಡಬೇಕೆಂದು ಕೋರುತ್ತೇನೆ.

ಇಂತಿ,
ಶಿರಸಿ ಸೀಮೆಯ ಒಬ್ಬ ಕೃಷಿಕ